ಶ್ರೀನಿವಾಸಪುರದಲ್ಲಿ ಮೂವತ್ತು ಪ್ರಶ್ನೆ

ಶ್ರೀನಿವಾಸಪುರ ಅಂದರೆ ಮಾವು. ಆದರೆ ಮೆದುಳಿನ ಅಧ್ಯಯನ ಮಾಡುವವರಿಗೆ ಕೋಲಾರ ಜಿಲ್ಲೆಯ ಈ ತಾಲ್ಲೂಕು ಬೇರೆಯೇ ಕಾರಣಕ್ಕೆ ಗೊತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು 2018ರಿಂದ ಇಲ್ಲಿನ ಹಳ್ಳಿಗಳಲ್ಲಿ ‘ಸ್ಯಾನ್ಸ್‌ಕಾಗ್’ ಎಂಬ ಅಧ್ಯಯನ ನಡೆಸುತ್ತಿದೆ. 45 ವರ್ಷ ದಾಟಿದ 10,000 ಮಂದಿಯನ್ನು ಸೇರಿಸಿಕೊಂಡು, ವರ್ಷಗಟ್ಟಲೆ ಮತ್ತೆ ಮತ್ತೆ ಪರೀಕ್ಷಿಸುತ್ತ ಹೋಗುವುದು ಅದರ ಗುರಿ. ಹಣದ ಬೆಂಬಲ ಇನ್ಫೊಸಿಸ್‌ ಸ್ಥಾಪಕರಲ್ಲೊಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ ದಂಪತಿಯ ಪ್ರತೀಕ್ಷಾ ಟ್ರಸ್ಟ್‌ನದು. ಕೇಂದ್ರದ ಸ್ಥಾಪಕ ನಿರ್ದೇಶಕಿ ವಿಜಯಲಕ್ಷ್ಮಿ ರವೀಂದ್ರನಾಥ್.

ಮುಖ್ಯ ಹುಡುಕಾಟ ಡಿಮೆನ್ಷಿಯಾದ್ದು, ಅಂದರೆ ಮರೆವಿನ ಕಾಯಿಲೆಯದು. ರಕ್ತ ಪರೀಕ್ಷೆ, ನೆನಪಿನ ಪರೀಕ್ಷೆ, ಎಂಆರ್‌ಐ ಎಲ್ಲ ಉಂಟು. ನನ್ನ ಗಮನ ಸೆಳೆದದ್ದು ಮಾತ್ರ ಒಂದು ಸಾದಾ ಪ್ರಶ್ನಾವಳಿ: ಹಿರಿಯರ ಖಿನ್ನತೆಯನ್ನು ಅಳೆಯುವ ಜಿಡಿಎಸ್.

ಅಮೆರಿಕದ ಜೆರೋಮ್ ಯೆಸವೇಜ್ ಮತ್ತು ಸಂಗಡಿಗರು 1980ರ ದಶಕದ ಆರಂಭದಲ್ಲಿ ರೂಪಿಸಿದ ಇದರಲ್ಲಿರುವುದು ಮೂವತ್ತು ಪ್ರಶ್ನೆ. ಹೌದು ಅಥವಾ ಇಲ್ಲ ಅಂದರೆ ಸಾಕು. ಕಳೆದ ಒಂದು ವಾರ ಹೇಗನ್ನಿಸಿತು ಎಂಬುದನ್ನಷ್ಟೇ ಕೇಳುತ್ತಾರೆ. ಬದುಕು ತೃಪ್ತಿ ಕೊಟ್ಟಿದೆಯೇ, ಬೇಸರ ಹೆಚ್ಚೇ, ಬೆಳಿಗ್ಗೆ ಏಳಲು ಖುಷಿಯಾಗುತ್ತದೆಯೇ. ಇಪ್ಪತ್ತು ಪ್ರಶ್ನೆಗಳಿಗೆ ‘ಹೌದು’ ಅಂದರೆ ಅಂಕ, ಉಳಿದ ಹತ್ತಕ್ಕೆ ‘ಇಲ್ಲ’ ಅಂದರೆ ಅಂಕ. ಹಾಗಾಗಿ ಸುಮ್ಮನೆ ‘ಹೂಂ, ಹೂಂ’ ಎನ್ನುತ್ತ ಹೋದರೆ ಪೂರ್ತಿ ಅಂಕ ಬರುವುದಿಲ್ಲ. ಹತ್ತಕ್ಕಿಂತ ಕಡಿಮೆ ಬಂದರೆ ಚಿಂತೆಯಿಲ್ಲ, ಇಪ್ಪತ್ತು ಮುಟ್ಟಿದರೆ ಖಿನ್ನತೆ ತೀವ್ರವಾಗಿರಬಹುದು. ಕೊನೆಯ ಮಾತು ವೈದ್ಯರದೇ.

ಇದರಲ್ಲೊಂದು ಜಾಣತನವಿದೆ. ನಿದ್ದೆ, ಹಸಿವು, ಮೈಕೈ ನೋವಿನ ಬಗ್ಗೆ ಬೇಕೆಂದೇ ಕೇಳಿಲ್ಲ. ಎಪ್ಪತ್ತಾದವರಿಗೆ ಇವೆಲ್ಲ ಹೇಗೂ ಇರುತ್ತವೆ, ಅದರಿಂದ ಮನಸ್ಸಿನ ಸ್ಥಿತಿ ತಿಳಿಯುವುದಿಲ್ಲ. ನಮ್ಮಲ್ಲಿ ತೊಡಕಿರುವುದೂ ಇಲ್ಲೇ. ನಮ್ಮ ಅಜ್ಜಿಯರು ‘ಬೇಜಾರು’ ಅಂತ ಡಾಕ್ಟರ ಹತ್ತಿರ ಹೋಗುವವರಲ್ಲ. ಸೊಂಟ ಹಿಡಿದಿದೆ, ಎದೆ ಭಾರ, ಅನ್ನ ಸೇರೋದಿಲ್ಲ ಅನ್ನುತ್ತಾರೆ. ಮನೆಯವರು ವಯಸ್ಸಾಯ್ತಲ್ಲ ಅನ್ನುತ್ತಾರೆ, ಡಾಕ್ಟರು ಗ್ಯಾಸಿನ ಮಾತ್ರೆ ಬರೆದುಕೊಡುತ್ತಾರೆ. ಇನ್ನು ಹೊರಗೆ ಹೋಗುವುದಕ್ಕಿಂತ ಮನೆಯಲ್ಲಿರುವುದೇ ಇಷ್ಟವೇ ಎಂಬ ಪ್ರಶ್ನೆ. ಹೊಸಿಲು ದಾಟುವುದಕ್ಕೂ ಇನ್ನೊಬ್ಬರ ಒಪ್ಪಿಗೆ ಕೇಳುತ್ತ ಬಂದ ಹೆಂಗಸು ಇದಕ್ಕೆ ಹೌದು ಅಂದರೆ ಅದನ್ನು ಖಿನ್ನತೆಯ ಲೆಕ್ಕಕ್ಕೆ ಹಾಕುವುದು ಸರಿಯೇ? ನನಗೆ ಅನುಮಾನ.

ಡಿಮೆನ್ಷಿಯಾ ಹುಡುಕುವವರಿಗೆ ಖಿನ್ನತೆಯ ಉಸಾಬರಿ ಯಾಕೆ? ಒಂದರ ವೇಷದಲ್ಲಿ ಇನ್ನೊಂದು ಬರುತ್ತದೆ. ಖಿನ್ನರಾದ ಹಿರಿಯರು ಮಾತು ಮರೆಯುತ್ತಾರೆ, ಲೆಕ್ಕ ತಪ್ಪುತ್ತಾರೆ, ಕೇಳಿದ್ದಕ್ಕೆಲ್ಲ ‘ಗೊತ್ತಿಲ್ಲ’ ಅನ್ನುತ್ತಾರೆ. ಚಿಕಿತ್ಸೆಯಾದ ಮೇಲೆ ಎಷ್ಟೋ ಮಂದಿಯ ನೆನಪು ಚೇತರಿಸಿಕೊಳ್ಳುತ್ತದೆ. ಕೆಲವರಲ್ಲಿ ಮಾತ್ರ ಇಳಿವಯಸ್ಸಿನಲ್ಲಿ ಮೊದಲ ಸಲ ಕಾಣಿಸುವ ಖಿನ್ನತೆ ಮುಂದೆ ಬರಲಿರುವ ಮರೆವಿನ ಕಾಯಿಲೆಯ ಮುನ್ಸೂಚನೆ. ಬಿಪಿ, ಸಕ್ಕರೆ ಕಾಯಿಲೆಯಿಂದ ಮೆದುಳಿನ ಸಣ್ಣ ರಕ್ತನಾಳಗಳು ಹಾಳಾದಾಗ ಎಂಆರ್‌ಐನಲ್ಲಿ ಬಿಳಿ ಮಚ್ಚೆಗಳು ಕಾಣುತ್ತವೆ. ಮನಸ್ಥಿತಿಯನ್ನು ನಿಭಾಯಿಸುವ ನರತಂತುಗಳ ಮೇಲೆ ಆ ಮಚ್ಚೆ ಬಿದ್ದರೆ ಖಿನ್ನತೆ ಬರಬಹುದೆಂಬ ವಾದವನ್ನು 1997ರಲ್ಲಿ ಜಾರ್ಜ್ ಅಲೆಕ್ಸೊಪೌಲೊಸ್ ಮತ್ತು ಸಂಗಡಿಗರು ಮುಂದಿಟ್ಟರು. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಒಂದೇ ಸಲದ ಪರೀಕ್ಷೆಯಲ್ಲಿ ತಿಳಿಯುವುದಿಲ್ಲ. ಅದೇ ಜನರನ್ನು ವರ್ಷಗಳ ನಂತರ ಮತ್ತೆ ಕೂರಿಸಿ ಕೇಳಬೇಕು. ಶ್ರೀನಿವಾಸಪುರದ ಅಧ್ಯಯನದ ತೂಕ ಇರುವುದು ಇದರಲ್ಲಿ. ಹೋಲಿಕೆಗೆಂದು ಬೆಂಗಳೂರು ನಗರದಲ್ಲೂ ಇಂಥದ್ದೇ ಒಂದು ಅಧ್ಯಯನವಿದೆ.

ಖಿನ್ನತೆಯ ಚಿಕಿತ್ಸೆಗೆ ಸಂಶೋಧನೆ ಮುಗಿಯುವವರೆಗೆ ಕಾಯಬೇಕಿಲ್ಲ. ಥೈರಾಯ್ಡ್, ಬಿ12 ಮೊದಲು ನೋಡಿಸುತ್ತಾರೆ. ಮಾತ್ರೆಯನ್ನು ಹಿರಿಯರಿಗೆ ಸಣ್ಣ ಪ್ರಮಾಣದಿಂದ ಶುರುಮಾಡುತ್ತಾರೆ. ಕೆಲವು ಮಾತ್ರೆಗಳಿಂದ ರಕ್ತದ ಸೋಡಿಯಂ ಇಳಿಯುವುದುಂಟು, ಆದ್ದರಿಂದ ಮೊದಲ ವಾರಗಳಲ್ಲಿ ಅದರ ಪರೀಕ್ಷೆಯೂ ಬೇಕು. ಯಾರನ್ನು ಕೇಳುವುದೆಂದು ತೋಚದಿದ್ದರೆ 14416ಕ್ಕೆ ಫೋನ್ ಮಾಡಬಹುದು. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕರೆ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.