ಪಾದ್ರಿ ಹೊಡೆದುಹಾಕಿದ ಪ್ಯಾರಾ

1931ರಲ್ಲಿ ಬೆಲ್ಜಿಯಂನ ಜಾರ್ಜ್ ಲಮೈತ್ರ್ ‘ನೇಚರ್’ ಪತ್ರಿಕೆಗೆ ಒಂದು ಪುಟ್ಟ ಬರಹ ಕಳಿಸಿದರು. ಇಂದು ನಾವು ಕಾಣುವ ವಿಶ್ವವೆಲ್ಲ ಒಂದೇ ಒಂದು ಮೂಲಕಣದಿಂದ ಶುರುವಾಗಿರಬಹುದು ಎಂಬುದು ಅದರ ಸಾರ. ಮುಂದೆ ‘ಬಿಗ್ ಬ್ಯಾಂಗ್’ ಎಂದು ಹೆಸರಾದ ಸಿದ್ಧಾಂತದ ಬೀಜ ಅದು. ಲಮೈತ್ರ್ ಭೌತವಿಜ್ಞಾನಿ, ಜೊತೆಗೆ 1923ರಲ್ಲಿ ದೀಕ್ಷೆ ಪಡೆದ ಕ್ಯಾಥೊಲಿಕ್ ಪಾದ್ರಿ. ಟೈಪ್ ಮಾಡಿದ ಕರಡಿನ ಕೊನೆಗೆ ಅವರು ದೇವರ ಬಗ್ಗೆಯೂ ಒಂದು ಪ್ಯಾರಾ ಬರೆದಿದ್ದರು. ಆಮೇಲೆ ಅದನ್ನು ಹೊಡೆದುಹಾಕಿದರು. ಅಚ್ಚಾದ ಬರಹದಲ್ಲಿ ದೇವರ ಮಾತಿಲ್ಲ.

ವಿಜ್ಞಾನ ಕ್ರೈಸ್ತ ನಂಬಿಕೆಗೂ ನಾಸ್ತಿಕವಾದಕ್ಕೂ ನಡುವೆ ತಟಸ್ಥವಾಗಿರಲು ಸಾಧ್ಯವೇ ಎಂಬ ಪ್ರಶ್ನೆ ಬಂದಾಗಲೆಲ್ಲ ನನಗೆ ಆ ಪ್ಯಾರಾ ನೆನಪಾಗುತ್ತದೆ.

ನಮ್ಮ ಮನೆಯಲ್ಲಿ ಈ ಪ್ರಶ್ನೆ ಬಂದದ್ದು ಮಗಳಿಂದ. ಮಂಗಳೂರು ಕಡೆಯ ಕ್ಯಾಥೊಲಿಕರು ನಾವು; ಪುಣೆಗೆ ಬಂದು ಹದಿನಾಲ್ಕು ವರ್ಷವಾಯಿತು. ಚಾಕಣದ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗ ನೋಡಿಕೊಳ್ಳುತ್ತೇನೆ. ಮಗಳು ಹನ್ನೊಂದನೆಯ ತರಗತಿ, ಸೈನ್ಸ್. ಭೌತಶಾಸ್ತ್ರ ಸರಿಯಾಗಿ ಅರ್ಥವಾದವನಿಗೆ ದೇವರು ಬೇಕಾಗುವುದಿಲ್ಲ ಎಂದು ಕೋಚಿಂಗ್ ತರಗತಿಯಲ್ಲಿ ಒಬ್ಬರು ಹೇಳಿದರಂತೆ. ಅದೇ ತಿಂಗಳು ಒಂದು ಪ್ರಾರ್ಥನಾ ಕೂಟದಲ್ಲಿ ಬೋಧಕರೊಬ್ಬರು, ಬೈಬಲಿನ ಮೊದಲ ಪುಟವನ್ನು ಬಿಗ್ ಬ್ಯಾಂಗ್ ರುಜುವಾತು ಮಾಡಿದೆ ಎಂದರು. “ಡ್ಯಾಡಿ, ಇಬ್ಬರಲ್ಲಿ ಯಾರ ಮಾತು ಸರಿ? ನಾನು ಫಿಸಿಕ್ಸ್ ಓದಿದ್ರೆ ಇಗರ್ಜಿಗೆ ಬರೋದು ಬಿಡಬೇಕಾ?” ಎಂದು ಕೇಳಿದಳು. ತಮಾಷೆಗೆ ಕೇಳಿದ್ದಲ್ಲ. ಪದವಿಗೆ ಏನು ಓದಬೇಕೆಂದು ಯೋಚಿಸುತ್ತಿರುವ ಹುಡುಗಿ ಅವಳು.

ಇಬ್ಬರ ಮಾತೂ ಹಳೆಯದೇ. 1951ರ ನವೆಂಬರ್‌ನಲ್ಲಿ ಪೋಪ್ ಹನ್ನೆರಡನೆಯ ಪಿಯುಸ್, ವ್ಯಾಟಿಕನ್ನಿನ ವಿಜ್ಞಾನ ಅಕಾಡೆಮಿಯಲ್ಲಿ ಮಾತನಾಡುತ್ತ, ಸೃಷ್ಟಿಯ ಮೊದಲ ಗಳಿಗೆಗೆ ಆಧುನಿಕ ವಿಜ್ಞಾನವೇ ಸಾಕ್ಷಿಯಾಗುತ್ತಿದೆ ಎಂಬ ಅರ್ಥದ ಭಾಷಣ ಮಾಡಿದರು. ಅದರಿಂದ ಎಲ್ಲರಿಗಿಂತ ಹೆಚ್ಚು ಸಂತೋಷಪಡಬೇಕಾಗಿದ್ದವರು ಲಮೈತ್ರ್. ಆದರೆ ಅವರಿಗೆ ಕಸಿವಿಸಿಯಾಯಿತು. ತಮ್ಮದು ಇನ್ನೂ ಪರೀಕ್ಷೆಯಾಗಬೇಕಾದ ಊಹೆ, ಅದಕ್ಕೂ ಧರ್ಮಕ್ಕೂ ಗಂಟುಹಾಕಬಾರದು ಎಂಬುದು ಅವರ ನಿಲುವು. ಪೋಪರ ವಿಜ್ಞಾನ ಸಲಹೆಗಾರರ ಬಳಿ ಅವರು ಈ ವಿಷಯ ಮಾತನಾಡಿದರು. ಮರುವರ್ಷ ರೋಮ್‌ನಲ್ಲಿ ಸೇರಿದ ಖಗೋಳವಿಜ್ಞಾನಿಗಳ ಎದುರು ಪೋಪ್ ಮಾತನಾಡಿದಾಗ ಆ ವಾದ ಮತ್ತೆ ಬರಲಿಲ್ಲ.

ಇನ್ನೊಂದು ಕಡೆ ಇದ್ದವರು ಇಂಗ್ಲೆಂಡಿನ ಫ್ರೆಡ್ ಹೊಯ್ಲ್. ದೇವರನ್ನು ನಂಬದವರು. ವಿಶ್ವಕ್ಕೆ ‘ಆರಂಭ’ ಎಂಬುದು ಇರುವುದೇ ಅವರಿಗೆ ಬೈಬಲಿನ ವಾಸನೆಯಂತೆ ಕಾಣುತ್ತಿತ್ತು. 1948ರಲ್ಲಿ ಅವರು ಮತ್ತು ಇಬ್ಬರು ಗೆಳೆಯರು ಆದಿ–ಅಂತ್ಯವಿಲ್ಲದ ‘ಸ್ಥಿರಸ್ಥಿತಿ’ ವಿಶ್ವದ ಸಿದ್ಧಾಂತ ಮಂಡಿಸಿದರು. ‘ಬಿಗ್ ಬ್ಯಾಂಗ್’ ಎಂಬ ಹೆಸರು ಕೂಡ 1949ರಲ್ಲಿ ಬಿಬಿಸಿ ರೇಡಿಯೊದಲ್ಲಿ ಹೊಯ್ಲ್ ಬಾಯಿಂದಲೇ ಬಂದದ್ದು.

ಒಬ್ಬರು ಪಾದ್ರಿ, ಇನ್ನೊಬ್ಬರು ನಾಸ್ತಿಕ. ಇಬ್ಬರ ಊಹೆಗಳ ಹಿಂದೆಯೂ ಅವರವರ ಮನೋಧರ್ಮ ಇದ್ದಿರಬಹುದು. ತೀರ್ಮಾನ ಮಾತ್ರ ಇಬ್ಬರ ಕೈಯಲ್ಲೂ ಇರಲಿಲ್ಲ. 1964ರಲ್ಲಿ ಅಮೆರಿಕದ ಪೆನ್ಸಿಯಾಸ್ ಮತ್ತು ವಿಲ್ಸನ್ ಅವರ ಆಂಟೆನಾಕ್ಕೆ ಆಕಾಶದ ಎಲ್ಲ ದಿಕ್ಕಿನಿಂದಲೂ ಒಂದೇ ಬಗೆಯ ಸಣ್ಣ ಗದ್ದಲ ಸಿಕ್ಕಿತು. ಪಾರಿವಾಳದ ಹಿಕ್ಕೆಯಿಂದಿರಬೇಕೆಂದು ಅದನ್ನೂ ಒರೆಸಿ ನೋಡಿದರು, ಗದ್ದಲ ನಿಲ್ಲಲಿಲ್ಲ. ಅದು ವಿಶ್ವದ ಎಳವೆಯಲ್ಲಿದ್ದ ಬಿಸಿಯ ಪಳೆಯುಳಿಕೆ. ಹೊಯ್ಲ್ ಅವರ ಸಿದ್ಧಾಂತಕ್ಕೆ ಅದನ್ನು ವಿವರಿಸುವುದು ಕಷ್ಟವಾಯಿತು. ಲಮೈತ್ರ್ 1966ರಲ್ಲಿ ತೀರಿಕೊಳ್ಳುವ ಸ್ವಲ್ಪ ಮೊದಲು ಈ ಸುದ್ದಿ ಅವರಿಗೆ ತಲುಪಿತು. ಆ ಆಂಟೆನಾಕ್ಕೆ ಪಾದ್ರಿಯನ್ನು ಗೆಲ್ಲಿಸಬೇಕೆಂದೂ ಇರಲಿಲ್ಲ, ನಾಸ್ತಿಕನನ್ನು ಸೋಲಿಸಬೇಕೆಂದೂ ಇರಲಿಲ್ಲ.

ಇದು ನನ್ನ ಕೆಲಸದಲ್ಲಿ ದಿನನಿತ್ಯ ಕಾಣುವ ಸಂಗತಿ. ಹೊಸ ಗೇಜ್ ಬಂದರೆ ನಾವು ಅದಕ್ಕೊಂದು ಪರೀಕ್ಷೆ ಇಡುತ್ತೇವೆ. ಅವೇ ಹತ್ತು ಪಾರ್ಟ್‌ಗಳನ್ನು ಮೂವರು ಆಪರೇಟರುಗಳು, ಒಬ್ಬರ ಅಂಕಿ ಇನ್ನೊಬ್ಬರು ನೋಡದಂತೆ, ಎರಡು ಮೂರು ಸಲ ಅಳೆಯಬೇಕು. ಅಳೆದವರು ಯಾರು ಎಂಬುದರ ಮೇಲೆ ಅಂಕಿ ಬದಲಾಗುತ್ತಿದ್ದರೆ ಆ ಅಳತೆ ನಂಬಿಕೆಗೆ ಅರ್ಹವಲ್ಲ. ದಸರೆಯಲ್ಲಿ ನಮ್ಮ ಮೆಷಿನ್‌ಗಳಿಗೆ ಅರಿಶಿನ, ಕುಂಕುಮ, ಚೆಂಡುಹೂವಿನ ಹಾರ. ನಾನೂ ಪ್ರಸಾದ ತಿನ್ನುತ್ತೇನೆ. ಪೂಜೆ ಮಾಡಿದವರು, ಶಿಲುಬೆ ಗುರುತು ಮಾಡಿಕೊಳ್ಳುವ ನಾನು, ಏನನ್ನೂ ನಂಬದ ಪಕ್ಕದ ಟೇಬಲಿನ ಗೆಳೆಯ, ಮೂವರಿಗೂ ಮರುದಿನ ಮೈಕ್ರೋಮೀಟರ್ ಕೊಡುವುದು ಒಂದೇ ಅಂಕಿ. ಪಾರ್ಟ್ ಯಾಕೆ ಮುರಿಯಿತು ಎಂಬ ವರದಿಯಲ್ಲಿ ‘ದೇವರ ಇಚ್ಛೆ’ ಎಂದು ನಾನು ಬರೆಯುವುದಿಲ್ಲ. ಹಾಗೆ ಬರೆಯಲಿಲ್ಲ ಎಂದರೆ ದೇವರಿಲ್ಲ ಎಂದು ಸಹಿ ಹಾಕಿದಂತಲ್ಲ. ತಟಸ್ಥತೆ ಎಂದರೆ ನನ್ನ ಪಾಲಿಗೆ ಇಷ್ಟು.

ಆದರೆ ತಟಸ್ಥತೆ ಎಂದರೆ ಎಲ್ಲದಕ್ಕೂ ತಲೆಯಾಡಿಸುವುದೂ ಅಲ್ಲ. ಗೇಜ್ ಪಾರ್ಟನ್ನು ರಿಜೆಕ್ಟ್ ಮಾಡುತ್ತದೆ. ಹದಿನೇಳನೆಯ ಶತಮಾನದಲ್ಲಿ ಆರ್ಚ್‌ಬಿಷಪ್ ಅಷರ್, ಬೈಬಲಿನ ವಂಶಾವಳಿಗಳನ್ನು ಲೆಕ್ಕಹಾಕಿ, ಜಗತ್ತು ಕ್ರಿ.ಪೂ. 4004ರಲ್ಲಿ ಸೃಷ್ಟಿಯಾಯಿತು ಎಂದರು. ಭೂಮಿಗೆ ಸುಮಾರು 454 ಕೋಟಿ ವರ್ಷ ಎಂದು ಬಂಡೆಗಳ, ಉಲ್ಕಾಶಿಲೆಗಳ ಅಳತೆ ಹೇಳುತ್ತದೆ. ಇಲ್ಲಿ ‘ಎರಡೂ ಸರಿ’ ಎನ್ನಲಾಗದು. ನಂಬಿಕೆ ಅಳೆಯಬಹುದಾದ ಮಾತು ಆಡಿದರೆ ಅಳತೆಗೆ ಒಳಗಾಗಬೇಕು. ಹಾಗೆಯೇ, ಅಳತೆಗೆ ಸಿಗದ ಪ್ರಶ್ನೆಗೆ ವಿಜ್ಞಾನ ‘ಇಲ್ಲ’ ಎಂದು ಉತ್ತರಿಸಿದೆ ಎಂದು ಕೋಚಿಂಗ್ ಮೇಷ್ಟ್ರು ಹೇಳಿದರೆ, ಅದು ಅವರ ಅಭಿಪ್ರಾಯವೇ ಹೊರತು ಭೌತಶಾಸ್ತ್ರದ ಪಾಠವಲ್ಲ.

ಪುಣೆಯಲ್ಲಿರುವ ನಮಗೆ ಈ ಕಥೆಯ ಇನ್ನೊಂದು ಕೊಂಡಿ ಹತ್ತಿರದಲ್ಲೇ ಇದೆ. ಹೊಯ್ಲ್ ಅವರ ಶಿಷ್ಯ ಜಯಂತ ನಾರ್ಳೀಕರ್ 1988ರಲ್ಲಿ ಇಲ್ಲಿ ‘ಐಯುಕಾ’ ಸ್ಥಾಪಿಸಿದರು. ಬಿಗ್ ಬ್ಯಾಂಗ್ ಅವರಿಗೆ ಕೊನೆಯವರೆಗೂ ಪೂರ್ತಿ ಒಪ್ಪಿಗೆಯಾಗಲಿಲ್ಲ. ಹಾಗಿದ್ದೂ ಅವರು ಕಟ್ಟಿದ ಸಂಸ್ಥೆಯಲ್ಲಿ ಆ ಸಿದ್ಧಾಂತದ ಚೌಕಟ್ಟಿನಲ್ಲೇ ಸಂಶೋಧನೆ ಮಾಡಿದ ಹೆಸರಾಂತ ವಿಜ್ಞಾನಿಗಳಿದ್ದರು. ಅಲ್ಲಿ ಎರಡನೇ ಶನಿವಾರ ಶಾಲಾ ಮಕ್ಕಳಿಗೆ ಉಪನ್ಯಾಸಗಳಿರುತ್ತವೆ. ಮಗಳನ್ನು ಎರಡು ಸಲ ಕರೆದುಕೊಂಡು ಹೋಗಿದ್ದೇನೆ. ಅವಳಿಗೆ ಹೇಳಿದ್ದೂ ಇದನ್ನೇ: ವಿಜ್ಞಾನಿಗಳು ತಟಸ್ಥರಾಗಿ ಹುಟ್ಟುವುದಿಲ್ಲ, ತಾವು ತಪ್ಪಿದ್ದರೆ ಗೊತ್ತಾಗಲಿ ಎಂದು ಬಾಗಿಲು ತೆರೆದಿಡುತ್ತಾರೆ. ಫಿಸಿಕ್ಸ್ ಓದು, ಇಗರ್ಜಿಗೆ ಬರುವುದು ಬಿಡುವುದು ನಿನ್ನ ಮನಸ್ಸಿಗೆ ಬಿಟ್ಟದ್ದು. ಒಂದಕ್ಕೆ ಇನ್ನೊಂದರಿಂದ ಸರ್ಟಿಫಿಕೇಟ್ ಕೇಳಬೇಡ.

ತಟಸ್ಥತೆ ಕಾಯುವ ಕೆಲಸ ಎದುರಾಳಿಯದಲ್ಲ, ನಮ್ಮದೇ. ನಾಸ್ತಿಕನ ಅತಿರೇಕವನ್ನು ನಾಸ್ತಿಕನೂ ನಮ್ಮವರ ಅತಿರೇಕವನ್ನು ನಾವೂ ತಡೆಯಬೇಕು. ಲಮೈತ್ರ್ ತಡೆದದ್ದು ಹೊಯ್ಲ್ ಅವರನ್ನಲ್ಲ. ಮೊದಲು ತಮ್ಮದೇ ಪ್ಯಾರಾವನ್ನು, ಆಮೇಲೆ ತಮ್ಮದೇ ಪೋಪರನ್ನು.