ಚಿತ್ರ ನೋಡಿ ಹೆಸರು ಕಲಿಯಿರಿ

ಅಂಕೋಲಾ ತಾಲೂಕಿನ ಭಾವಿಕೇರಿಯಂತಹ ಕರಾವಳಿಯ ಊರುಗಳಲ್ಲಿ ಮಳೆಗಾಲದ ಭತ್ತದ ಪೈರು ಒಣಗತೊಡಗಿದಾಗ ರೈತರ ಬಾಯಿಂದ ಬರುವ ಮಾತು ಒಂದೇ: "ಗದ್ದೆ ಸುಟ್ಟು ಹೋಯಿತು." ಮಾತು ಸುಳ್ಳಲ್ಲ. ಆದರೆ ಈ ಒಂದು ಮಾತಿನೊಳಗೆ ಕನಿಷ್ಠ ನಾಲ್ಕು ತೊಂದರೆಗಳು ಅಡಗಿವೆ. ಅದು ಬೆಂಕಿ ರೋಗವಿರಬಹುದು, ದುಂಡಾಣು ಎಲೆ ಅಂಗಮಾರಿ ರೋಗವಿರಬಹುದು, ಕಂದು ಜಿಗಿಹುಳುವಿನ ಹಾವಳಿಯಿರಬಹುದು, ಇಲ್ಲವೇ ಗದ್ದೆಗೆ ನುಗ್ಗಿದ ಉಪ್ಪುನೀರಿನ ಪರಿಣಾಮವಿರಬಹುದು. ಮೊದಲನೆಯದು ಶಿಲೀಂಧ್ರದಿಂದ, ಎರಡನೆಯದು ದುಂಡಾಣುವಿನಿಂದ, ಮೂರನೆಯದು ರಸ ಹೀರುವ ಕೀಟದಿಂದ ಬರುವಂಥದು. ನಾಲ್ಕನೆಯದು ರೋಗವೂ ಅಲ್ಲ, ಕೀಟವೂ ಅಲ್ಲ. ಔಷಧಿ ಅಂಗಡಿಗೆ ಹೋಗಿ "ಸುಟ್ಟಿದೆ, ಏನಾದರೂ ಕೊಡಿ" ಎಂದರೆ ಸಿಗುವ ಡಬ್ಬಿ ಇವುಗಳಲ್ಲಿ ಒಂದಕ್ಕೆ ಹೊಂದೀತು. ತೊಂದರೆ ಬೇರೆಯದಾಗಿದ್ದರೆ ಹಣವೂ ಹೋಯಿತು, ವಾರವೂ ಹೋಯಿತು, ಪೈರೂ ಹೋಯಿತು.

ಆದ್ದರಿಂದ ಸರಿಯಾದ ಹೆಸರನ್ನು ಕಲಿಯುವುದು ಪಂಡಿತರ ಕೆಲಸವೆಂದು ಬದಿಗಿಡುವಂತಿಲ್ಲ. ಅದು ಬೇಸಾಯದ ಖರ್ಚಿಗೆ ಸಂಬಂಧಿಸಿದ ವಿಷಯ. ಹೆಸರು ಕಲಿಯಲು ಈಗ ನಿಮ್ಮ ಮನೆಯಲ್ಲಿರುವ ಮೊಬೈಲ್ ಮತ್ತು ಅಂತರ್ಜಾಲದ ಚಿತ್ರಗಳು ಬಹಳ ನೆರವಾಗಬಲ್ಲವು.

ಎಲೆ ನಿಮಗೆ ಗೊತ್ತು, ಹೆಸರು ಮಕ್ಕಳಿಗೆ ಗೊತ್ತು

ನಿಮ್ಮ ಮನೆಯ ಮಗನೋ ಮಗಳೋ ಕೃಷಿ ಡಿಪ್ಲೊಮಾ ಇಲ್ಲವೇ ಕೃಷಿ ಪದವಿ ಓದುತ್ತಿರಬಹುದು. ಅವರ ಪುಸ್ತಕದಲ್ಲಿ ನೂರಾರು ಹೆಸರುಗಳಿವೆ. ಪರೀಕ್ಷೆಗೆಂದು ಅವನ್ನು ಬಾಯಿಪಾಠ ಮಾಡುತ್ತಾರೆ. ಗದ್ದೆಯ ಬದುವಿನ ಮೇಲೆ ನಿಂತಾಗ ಯಾವ ಹೆಸರು ಯಾವ ಎಲೆಗೆ ಸೇರಿದ್ದೆಂದು ಹೊಳೆಯುವುದಿಲ್ಲ. ನಿಮ್ಮ ಸ್ಥಿತಿ ಇದಕ್ಕೆ ವಿರುದ್ಧ. ವರ್ಷಗಟ್ಟಲೆ ನೋಡಿದ ಎಲೆ ನಿಮಗೆ ಗೊತ್ತು, ಅದರ ಪುಸ್ತಕದ ಹೆಸರು ಗೊತ್ತಿಲ್ಲ. ಇಬ್ಬರೂ ಕೂತು ಒಂದೇ ಚಿತ್ರವನ್ನು ನೋಡಿದರೆ ಎರಡೂ ತಿಳಿವಳಿಕೆಗಳು ಕೂಡಿಕೊಳ್ಳುತ್ತವೆ.

ಹೆಸರಿನೊಳಗೇ ಕೆಲವೊಮ್ಮೆ ರೂಪ ಅಡಗಿರುತ್ತದೆ. ಭತ್ತದಲ್ಲಿ ಸತುವಿನ ಕೊರತೆಯಿಂದ ಬರುವ ತೊಂದರೆಗೆ 'ಖೈರಾ' ಎನ್ನುತ್ತಾರೆ. 1966ರಲ್ಲಿ ಪಂತನಗರದ ವಿಜ್ಞಾನಿ ವೈ. ಎಲ್. ನೆನೆ ಅವರು ಇದು ಸತುವಿನ ಕೊರತೆಯೆಂದು ತೋರಿಸಿದರು. ಖೈರ್ ಎಂದರೆ ಎಲೆಯಡಿಕೆಗೆ ಬಳಸುವ ಕಾಚು ಕೊಡುವ ಮರ. ಎಲೆಯ ಮೇಲೆ ಕಾಚಿನ ಬಣ್ಣದ ಕಲೆಗಳು ಮೂಡುವುದರಿಂದ ಈ ಹೆಸರು. ಚಿತ್ರವನ್ನು ನೋಡುತ್ತ ಈ ಅರ್ಥವನ್ನು ಒಮ್ಮೆ ತಿಳಿದರೆ ಹೆಸರು ಮರೆಯದು.

ಹೊಸ ಪೀಡೆ ಬಂದಾಗಲಂತೂ ಚಿತ್ರವೇ ಆಧಾರ. 2018ರ ಮೇ ತಿಂಗಳಲ್ಲಿ ಅಮೆರಿಕ ಖಂಡದ ಮೂಲದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲ ಬಾರಿಗೆ ನಮ್ಮ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಕಂಡುಬಂದಿತು. ನಮ್ಮ ರೈತರಿಗೆ ಹಳೆಯ ಸೈನಿಕ ಹುಳು ಗೊತ್ತಿತ್ತು, ಇದು ಗೊತ್ತಿರಲಿಲ್ಲ. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ 'ವೈ' ಅಕ್ಷರದಂತಹ ಬಿಳಿ ಗೆರೆ, ಹಿಂಭಾಗದಲ್ಲಿ ಚೌಕಾಕಾರವಾಗಿ ನಾಲ್ಕು ಕಪ್ಪು ಚುಕ್ಕೆ. ಈ ಎರಡು ಗುರುತುಗಳನ್ನು ಬರೀ ಮಾತಿನಲ್ಲಿ ಹೇಳುವುದಕ್ಕಿಂತ ಒಂದು ಚಿತ್ರದಲ್ಲಿ ತೋರಿಸುವುದು ಸುಲಭ.

ನಾಲ್ಕು 'ಸುಟ್ಟ' ಗದ್ದೆಗಳು

ಒಂದೊಂದೇ ಚಿತ್ರವನ್ನು ನೋಡಿದರೆ ಕಲಿಕೆ ಗಟ್ಟಿಯಾಗದು. ಒಂದನ್ನೊಂದು ಹೋಲುವವನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಮೇಲೆ ಹೇಳಿದ ನಾಲ್ಕನ್ನೇ ತೆಗೆದುಕೊಳ್ಳಿ.

ಬೆಂಕಿ ರೋಗ: ಎಲೆಯ ಮೇಲೆ ಕಣ್ಣಿನಾಕಾರದ ಚುಕ್ಕೆ, ಎರಡೂ ತುದಿ ಚೂಪು. ನಡುವೆ ಬೂದಿ ಬಣ್ಣ, ಅಂಚು ಕಂದು.

ದುಂಡಾಣು ಎಲೆ ಅಂಗಮಾರಿ: ಚುಕ್ಕೆಯಿಲ್ಲ. ಎಲೆಯ ತುದಿಯಿಂದ ಅಂಚಿನಗುಂಟ ಅಲೆಯಂತೆ ಹಳದಿಯಾಗಿ, ಆಮೇಲೆ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ರೋಗದ ಎಲೆಯನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ನಿಲ್ಲಿಸಿದರೆ ಹಾಲಿನಂತಹ ಸ್ರಾವ ಎಳೆಯೆಳೆಯಾಗಿ ಇಳಿಯುತ್ತದೆ.

ಕಂದು ಜಿಗಿಹುಳು: ಗದ್ದೆಯಲ್ಲಿ ಅಲ್ಲಲ್ಲಿ ದುಂಡಗೆ ಒಣಗಿದ ತಾವುಗಳು. ಬುಡವನ್ನು ಬಿಡಿಸಿ ನೋಡಿದರೆ ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಕಂದು ಹುಳುಗಳ ಗುಂಪು.

ಉಪ್ಪುನೀರು: ಎಲೆಯ ತುದಿ ಬಿಳಿಚಿಕೊಂಡು ಒಣಗುತ್ತದೆ, ಪೈರು ಏರುಪೇರಾಗಿರುತ್ತದೆ. ಕಟ್ಟೆ ಒಡೆದ ಅಥವಾ ಹಿನ್ನೀರಿಗೆ ಹತ್ತಿರವಾದ ಬದಿಯಲ್ಲೇ ಹಾನಿ ಹೆಚ್ಚು.

ಹೆಸರು ಬದಲಾದಂತೆ ಉಪಾಯವೂ ಬದಲಾಗುತ್ತದೆ. ಜಿಗಿಹುಳುವಾದರೆ ಗದ್ದೆಯ ನೀರನ್ನು ಕೆಲವು ದಿನ ಬಸಿಯಬೇಕು. ಉಪ್ಪಿನ ಬಾಧೆಯಾದರೆ ಕಟ್ಟೆಯನ್ನು ಭದ್ರಪಡಿಸಿ, ಸಿಹಿನೀರು ನಿಲ್ಲಿಸಿ, ಅದನ್ನು ಬಸಿದು ಉಪ್ಪನ್ನು ತೊಳೆಯಬೇಕು. ಅಂಗಮಾರಿ ಮತ್ತು ಬೆಂಕಿ ರೋಗ ಕಂಡಾಗ ಯೂರಿಯಾ ಮೇಲುಗೊಬ್ಬರವನ್ನು ತಡೆಹಿಡಿಯಬೇಕು. ಶಿಲೀಂಧ್ರನಾಶಕ ಬೆಂಕಿ ರೋಗಕ್ಕೆ ಕೆಲಸ ಮಾಡೀತು, ದುಂಡಾಣುವಿಗೆ ಮಾಡದು.

ಕಲಿಯುವ ಕ್ರಮ

ಮೊದಲು ಗಿಡವನ್ನು ನೋಡಿ, ಆಮೇಲೆ ಮೊಬೈಲನ್ನು ನೋಡಿ. ಚಿತ್ರ ಮೊದಲು ಕಣ್ಣಿಗೆ ಬಿದ್ದರೆ ಗದ್ದೆಯಲ್ಲೂ ಅದೇ ಕಂಡಂತಾಗುತ್ತದೆ.

ಹುಡುಕುವಾಗ ಬೆಳೆಯ ಹೆಸರನ್ನು ತಪ್ಪದೆ ಸೇರಿಸಿ. ಬರೀ 'ಜಿಗಿಹುಳು' ಎಂದರೆ ನಿಮ್ಮ ಕರಿ ಇಶಾಡ ಮಾವಿನ ಹೂವನ್ನು ಹಾಳುಮಾಡುವ ಬೇರೊಂದು ಜಿಗಿಹುಳುವಿನ ಚಿತ್ರವೂ ಬರುತ್ತದೆ. ಇದಕ್ಕಿಂತ ಒಳ್ಳೆಯ ದಾರಿ ವೈಜ್ಞಾನಿಕ ಹೆಸರು. ಭತ್ತದ ಕಂದು ಜಿಗಿಹುಳುವಿಗೆ 'ನಿಲಪರ್ವತ ಲ್ಯೂಜೆನ್ಸ್' ಎಂಬ ಹೆಸರು ಎಲ್ಲ ದೇಶಗಳಲ್ಲೂ ಒಂದೇ. ವಿಶ್ವವಿದ್ಯಾಲಯದ ಸುಧಾರಿತ ಬೇಸಾಯ ಕ್ರಮಗಳ ಪುಸ್ತಕ ಅಥವಾ ಮಕ್ಕಳ ಪಠ್ಯಪುಸ್ತಕ ನೋಡಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಲು ಮಕ್ಕಳಿಗೆ ಹೇಳಿ.

ಒಂದೇ ಚಿತ್ರವನ್ನು ನಂಬಬೇಡಿ, ಐದಾರನ್ನು ನೋಡಿ. ಚಿತ್ರ ಯಾರದೆಂಬುದನ್ನೂ ಗಮನಿಸಿ. ಕೃಷಿ ವಿಶ್ವವಿದ್ಯಾಲಯಗಳು, ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ, ಫಿಲಿಪ್ಪೀನ್ಸ್ ದೇಶದ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇಂಥವುಗಳ ಚಿತ್ರಗಳನ್ನು ತಜ್ಞರು ಗುರುತಿಸಿರುತ್ತಾರೆ. ಮಾರಾಟದ ಜಾಹೀರಾತಿನ ಚಿತ್ರಕ್ಕೆ ಆ ಭರವಸೆಯಿಲ್ಲ.

ಕೀಟವಾದರೆ ಮೊಟ್ಟೆ, ಮರಿ, ಕೋಶ, ಪ್ರೌಢ ಎಂಬ ಎಲ್ಲ ಹಂತಗಳ ಚಿತ್ರ ನೋಡಿ. ಪತಂಗದ ಚಿತ್ರವನ್ನಷ್ಟೇ ಕಲಿತವರು ಎಲೆ ತಿನ್ನುವ ಹುಳುವನ್ನು ಗುರುತಿಸಲಾರರು.

ಬಳಿಕ ಒಂದು ವಹಿಯಲ್ಲಿ ನಾಲ್ಕು ಕಾಲಂ ಹಾಕಿ: ನಿಮ್ಮೂರಿನ ಮಾತು, ಪುಸ್ತಕದ ಕನ್ನಡ ಹೆಸರು, ವೈಜ್ಞಾನಿಕ ಹೆಸರು, ಒಂದು ಖಚಿತ ಗುರುತು. ಊರಿನ ಮಾತನ್ನು ಬಿಡಬೇಡಿ. ಅದನ್ನು ಬರೆದುಕೊಡಬೇಕಾದವರು ನೀವೇ. ವಾರದ ನಂತರ ಹೆಸರುಗಳನ್ನು ಮುಚ್ಚಿ, ಚಿತ್ರವನ್ನು ಮಾತ್ರ ತೋರಿಸಿ ಮಕ್ಕಳನ್ನು ಕೇಳಿ. ಕೊನೆಯ ಪರೀಕ್ಷೆ ಗದ್ದೆಯಲ್ಲೇ ಆಗಲಿ.

ಮಿತ್ರರ ಹೆಸರನ್ನೂ ಕಲಿಯಿರಿ

ಭತ್ತದ ಗದ್ದೆಯಲ್ಲಿ ಹಸಿರು ಮಿರಿಡ್ ತಿಗಣೆ ಎಂಬ ಸಣ್ಣ ಕೀಟವಿದೆ. ಅದು ಜಿಗಿಹುಳುವಿನ ಮೊಟ್ಟೆ, ಮರಿಗಳನ್ನು ತಿನ್ನುತ್ತದೆ. ಗುಲಗಂಜಿ ಹುಳು ಎಲ್ಲರಿಗೂ ಗೊತ್ತು, ಆದರೆ ಮೊಸಳೆಯಂತೆ ಕಾಣುವ ಅದರ ಮರಿ ಬಹಳ ಜನಕ್ಕೆ ಗೊತ್ತಿಲ್ಲ. ಹೆಸರು, ರೂಪ ತಿಳಿಯದವರು ಇವನ್ನೂ ಪೀಡೆಯೆಂದು ಬಗೆದು ಔಷಧಿ ಹೊಡೆಯುತ್ತಾರೆ. ಮಿತ್ರ ಸತ್ತ ಗದ್ದೆಯಲ್ಲಿ ಜಿಗಿಹುಳು ಮತ್ತಷ್ಟು ಹೆಚ್ಚುತ್ತದೆ.

ಎಚ್ಚರಿಕೆಯ ಮಾತು

ಫೋಟೋ ತೆಗೆದ ಕೂಡಲೇ ರೋಗದ ಹೆಸರು ಹೇಳುವ ಮೊಬೈಲ್ ತಂತ್ರಾಂಶಗಳು ಈಗ ಬಂದಿವೆ. ಅವು ಕೊಡುವುದು ಊಹೆ. ಅದನ್ನು ಹುಡುಕಾಟದ ಆರಂಭವೆಂದು ತಿಳಿಯಿರಿ, ತೀರ್ಪೆಂದು ತಿಳಿಯಬೇಡಿ. ಪೋಷಕಾಂಶದ ಕೊರತೆ ಮತ್ತು ರೋಗ ಚಿತ್ರದಲ್ಲಿ ಒಂದೇ ತರಹ ಕಾಣುವುದುಂಟು.

ನೀವು ತಜ್ಞರಿಗೆ ಚಿತ್ರ ಕಳಿಸುವುದಾದರೆ ಮೂರು ತೆಗೆಯಿರಿ: ಇಡೀ ಗದ್ದೆಯದೊಂದು, ಒಂದು ಗಿಡದ್ದೊಂದು, ರೋಗ ಬಂದ ಭಾಗದ್ದೊಂದು. ಅಳತೆ ತಿಳಿಯಲು ಪಕ್ಕದಲ್ಲಿ ಒಂದು ನಾಣ್ಯವಿಡಿ. ಎಲೆಯ ಅಡಿಭಾಗವನ್ನು ಮರೆಯಬೇಡಿ.

2004ರಲ್ಲಿ ಆರಂಭವಾದ ಕಿಸಾನ್ ಕಾಲ್ ಸೆಂಟರಿಗೆ 1800-180-1551 ಸಂಖ್ಯೆಯಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಬರೀ ಫೋನಿನ ಮಾತಿನಲ್ಲಿ ಎಲೆಯನ್ನು ತೋರಿಸಲಾಗದು, ಅಲ್ಲಿ ನಿಮ್ಮ ಪದವೇ ನಿಮ್ಮ ಎಲೆ. "ಸುಟ್ಟಿದೆ" ಎನ್ನುವುದರ ಬದಲು "ಕಣ್ಣಿನಾಕಾರದ ಚುಕ್ಕೆ, ನಡುವೆ ಬೂದಿ ಬಣ್ಣ" ಎಂದರೆ ಉತ್ತರವೂ ಅಷ್ಟೇ ನೇರವಾಗಿ ಬಂದೀತು. ಅನುಮಾನ ಉಳಿದರೆ ರೋಗದ ಗಿಡವನ್ನೇ ಹಿಡಿದು ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ, ಇಲ್ಲವೇ ಶಿರಸಿಯ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಿ.

ಈ ಹಂಗಾಮಿಗೆ ಹತ್ತು ಹೆಸರು ಸಾಕು: ಭತ್ತದ್ದು ಆರು, ತೆಂಗಿನದು ಎರಡು, ಮಾವಿನದು ಎರಡು. ನಾಟಿ ಮುಗಿದ ಮೇಲೆ ಸಂಜೆ ಅರ್ಧ ಗಂಟೆ ಮಕ್ಕಳೊಡನೆ ಕೂತರೆ ತೆನೆ ಬರುವುದರೊಳಗೆ ಹತ್ತೂ ಕಲಿತು ಮುಗಿಯುತ್ತವೆ.