ಕಟ್ಟದವರು ಮತ್ತು ಕಟ್ಟಲಾಗದವರು

ಕೆಲವು ವರ್ಷಗಳ ಹಿಂದಿನ ಮಾತು. ತಂದೆಯ ಅನಾರೋಗ್ಯದ ನಿಮಿತ್ತ ಎರಡು ತಿಂಗಳು ಮೈಸೂರಿನಲ್ಲಿದ್ದು ಇಂಗ್ಲೆಂಡಿನ ಬಾಡಿಗೆ ಮನೆಗೆ ಮರಳಿದಾಗ, ಬಾಗಿಲ ಬಳಿ ಬಿದ್ದಿದ್ದ ಅಂಚೆಯ ರಾಶಿಯಲ್ಲಿ ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ಸಮನ್ಸ್ ಇತ್ತು. ಕಾರಣ, ನಾನು ಕಟ್ಟಲು ಮರೆತಿದ್ದ ಕೌನ್ಸಿಲ್ ತೆರಿಗೆ.

ನಮ್ಮಲ್ಲಿ ಆಸ್ತಿ ತೆರಿಗೆ ಮನೆಯ ಮಾಲೀಕನ ಹೊಣೆ. ಅಲ್ಲಿ ಸಾಮಾನ್ಯವಾಗಿ ವಾಸವಿರುವವನೇ, ಬಾಡಿಗೆದಾರನಾದರೂ, ತೆರಬೇಕು. ತಲೆಗಂದಾಯದ ವಿರುದ್ಧ 1990ರಲ್ಲಿ ಲಂಡನ್ನಿನಲ್ಲಿ ಗಲಭೆಯೇ ನಡೆದ ಮೇಲೆ, 1993ರಲ್ಲಿ ಈ ತೆರಿಗೆ ಜಾರಿಗೆ ಬಂತು. ಇಂಗ್ಲೆಂಡಿನಲ್ಲಿ ಇಂದಿಗೂ ಇದಕ್ಕೆ ಆಧಾರ 1991ರ ಮನೆ ಬೆಲೆ.

ಕಂತು ತಪ್ಪಿದರೆ ಮೊದಲು ಜ್ಞಾಪನಾ ಪತ್ರ ಬರುತ್ತದೆ. ಏಳು ದಿನಗಳಲ್ಲಿ ಕಟ್ಟದಿದ್ದರೆ, ಮತ್ತೆ ಏಳು ದಿನ ಕಳೆಯುವಷ್ಟರಲ್ಲಿ ಕಂತಿನ ಸೌಲಭ್ಯವೇ ರದ್ದಾಗಿ ವರ್ಷದ ಉಳಿದ ಮೊತ್ತವೆಲ್ಲ ಒಟ್ಟಿಗೆ ಬಾಕಿಯಾಗುತ್ತದೆ. ಆಮೇಲೆ ಸಮನ್ಸ್, ಅದರ ವೆಚ್ಚವೂ ಬಾಕಿದಾರನ ಮೇಲೆಯೇ.

ನಾನು ತೆರಿಗೆಯನ್ನು ಪೂರ್ತಿ ಕಟ್ಟಿ, ವೆಚ್ಚವನ್ನಷ್ಟೇ ಮನ್ನಾ ಮಾಡಿರೆಂದು ಕೇಳಲು ನ್ಯಾಯಾಲಯಕ್ಕೆ ಹೋದೆ. ನನಗಿಂತ ಮೊದಲು ಕರೆದದ್ದು ಮಗುವನ್ನೆತ್ತಿಕೊಂಡಿದ್ದ ಒಬ್ಬ ಹೆಂಗಸನ್ನು. ಅಂಗಡಿಯ ಕೆಲಸ ಹೋಯಿತು, ಕೈಯಲ್ಲಿ ಹಣವಿಲ್ಲ ಎಂದಳು. ಅದನ್ನು ಇಂದು ಪರಿಗಣಿಸಲಾಗದು, ಹೊರಗಿರುವ ಕೌನ್ಸಿಲ್ ಅಧಿಕಾರಿಯೊಡನೆ ಮಾತಾಡಿ ಎಂದು ಮ್ಯಾಜಿಸ್ಟ್ರೇಟರು ಸೌಜನ್ಯದಿಂದಲೇ ಹೇಳಿದರು. ಹೊಣೆಗಾರಿಕೆ ಆದೇಶ ಹೊರಬಿತ್ತು. ನನ್ನ ಕೋರಿಕೆಯೂ ತಿರಸ್ಕೃತವಾಯಿತು. ಹಾಜರಾಗದ ನೂರಾರು ಜನರ ಪಟ್ಟಿಗೆ ಒಟ್ಟಿಗೇ ಒಪ್ಪಿಗೆ ದೊರೆಯಿತು.

ಮ್ಯಾಜಿಸ್ಟ್ರೇಟರು ಕಾನೂನು ಮೀರಿರಲಿಲ್ಲ. ಬಡತನ ಈ ಹಂತದಲ್ಲಿ ಪ್ರತಿವಾದವೇ ಅಲ್ಲ. ಆದೇಶ ದೊರೆತ ಮೇಲೆ ಸಂಬಳದಿಂದ ಕಡಿತ ಮಾಡಬಹುದು, ಜಪ್ತಿಗಾರರನ್ನೂ ಕಳುಹಿಸಬಹುದು. 2014ರ ನಿಯಮದಂತೆ, ಪ್ರಕರಣ ಜಪ್ತಿಗಾರರ ಕೈಸೇರಿದೊಡನೆ 75 ಪೌಂಡ್, ಅವರು ಮನೆಬಾಗಿಲಿಗೆ ಬಂದರೆ ಇನ್ನೂ 235 ಪೌಂಡ್ ಸಾಲಕ್ಕೆ ಸೇರಿತು. ಕಟ್ಟಲಾರದವನ ಸಾಲವೇ ಹೀಗೆ ಬೆಳೆಯುತ್ತದೆ.

ಕೊನೆಯ ಅಸ್ತ್ರ ಮೂರು ತಿಂಗಳವರೆಗಿನ ಸೆರೆವಾಸ. ಬಾಕಿದಾರನ ಆದಾಯವೇನು, ಬೇಕೆಂದೇ ಕಟ್ಟಲಿಲ್ಲವೇ ಎಂದು ನ್ಯಾಯಾಲಯ ವಿಚಾರಿಸಲೇಬೇಕಾದುದು ಸೆರೆಮನೆಯ ಹೊಸ್ತಿಲಲ್ಲಿ ಮಾತ್ರ. ಅಲ್ಲಿಯೂ ಎಡವಿದ ಉದಾಹರಣೆಯಿದೆ. ವೇಲ್ಸ್‌ನ ಮಹಿಳೆಯೊಬ್ಬರು 40 ದಿನ ಸೆರೆಯಲ್ಲಿದ್ದ ಮೇಲೆ, ಆ ಶಿಕ್ಷೆ ಕಾನೂನುಬಾಹಿರವೆಂದು 2017ರಲ್ಲಿ ಹೈಕೋರ್ಟ್ ಹೇಳಿತು. ವೇಲ್ಸ್ 2019ರಲ್ಲಿ ಈ ಸೆರೆವಾಸವನ್ನೇ ರದ್ದುಪಡಿಸಿತು.

ಸಮನ್ಸಿನ ವೆಚ್ಚವೂ ಪ್ರಶ್ನಾತೀತವಲ್ಲ. ಲಂಡನ್ನಿನ ಪಾದ್ರಿ ಪಾಲ್ ನಿಕೋಲ್ಸನ್ ತಮಗೆ ವಿಧಿಸಿದ 125 ಪೌಂಡಿನ ಲೆಕ್ಕ ಕೇಳಿ 2015ರಲ್ಲಿ ಹೈಕೋರ್ಟಿನಲ್ಲಿ ಗೆದ್ದರು. ಸಾಕಷ್ಟು ಮಾಹಿತಿಯಿಲ್ಲದೆ ಮ್ಯಾಜಿಸ್ಟ್ರೇಟರು ಆ ಮೊತ್ತ ಒಪ್ಪಿದ್ದು ತಪ್ಪೆಂದು ತೀರ್ಪಾಯಿತು.

ತೆರಿಗೆ ವಸೂಲಾಗದಿದ್ದರೆ ಕಸ ಎತ್ತುವವರಿಲ್ಲ, ವೃದ್ಧರ ಆರೈಕೆಯೂ ಇಲ್ಲ. ಇದು ಲಂಡನ್ನಿಗೂ ಬೆಂಗಳೂರಿಗೂ ಸಮಾನ ಸತ್ಯ. ಆದರೆ ಕಟ್ಟದವರಾರು, ಕಟ್ಟಲಾಗದವರಾರು ಎಂಬುದನ್ನು ಸಮನ್ಸಿಗೆ ಮುನ್ನವೇ ಕೇಳಬೇಕು. ನನ್ನ ಬಾಕಿ ಮರೆವಿನದು, ಆ ತಾಯಿಯದು ಇಲ್ಲದಿರುವಿಕೆಯದು. ಅಂದಿನ ಪಟ್ಟಿಯಲ್ಲಿ ನಮ್ಮಿಬ್ಬರ ಹೆಸರಿನ ಮುಂದೆ ಇದ್ದದ್ದು ಮೊತ್ತ ಮಾತ್ರ.